ಐದು ಜನರ ಪಾಟ್‌ನಲ್ಲಿ ಒಂದೇ ಒಂದು ಜೋಡಿ

ನಮ್ಮ ಕಡೆ ಪೋಕರ್ ಕಲಿಯುವವರಲ್ಲಿ ಬಹಳ ಜನ ತೀನ್ ಪತ್ತಿ ಆಡಿ ಬಂದವರು. ನಾನೂ ಹಾಗೇ. ಅಲ್ಲಿ ಜೋಡಿ ಬಿತ್ತು ಅಂದರೆ ಹಬ್ಬ. ಮೂರು ಎಲೆಯಲ್ಲಿ ಜೋಡಿ ಬೀಳೋದು ನೂರಕ್ಕೆ 17 ಸಲ. 74 ಸಲ ಏನೂ ಇರೋದಿಲ್ಲ. ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್‌ನಲ್ಲಿ ಏಳು ಎಲೆಗಳಿಂದ ಕೈ ಕಟ್ಟೋದು: ನಮ್ಮ ಕೈಯಲ್ಲಿ ಎರಡು, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು. ರಿವರ್‌ವರೆಗೆ, ಅಂದರೆ ಐದನೇ ಎಲೆವರೆಗೆ ಹೋದರೆ ಎಲ್ಲಕ್ಕಿಂತ ಜಾಸ್ತಿ ಬರುವುದೇ ಒಂದು ಜೋಡಿ, ನೂರಕ್ಕೆ ಸುಮಾರು 44 ಸಲ. ಏನೂ ಇಲ್ಲದ ಕೈ ಬರೋದು 17 ಸಲ ಮಾತ್ರ. ಲೆಕ್ಕ ಪೂರ್ತಿ ತಿರುಗಿಬಿಡುತ್ತೆ, ಆದರೆ ಕೈಗೆ ಹತ್ತಿದ ಅಭ್ಯಾಸ ಅಷ್ಟು ಬೇಗ ತಿರುಗೋದಿಲ್ಲ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು, ದುಡ್ಡು ಕಟ್ಟಿ ಆಡುವ ಆ್ಯಪ್‌ಗಳು ನಿಂತ ಮೇಲೆ ನಮ್ಮದು ಮನೆಯ ಟೇಬಲ್ ಅಷ್ಟೇ. ಬರೀ ಚಿಪ್ಸ್, ದುಡ್ಡಿಲ್ಲ. ದುಡ್ಡಿಲ್ಲದ ಟೇಬಲ್ಲಿನಲ್ಲಿ ಯಾರೂ ಎಲೆ ಬಿಸಾಡೋದಿಲ್ಲ. ಬಂದವರೆಲ್ಲ ಫ್ಲಾಪ್ (ಟೇಬಲ್ ಮೇಲೆ ಮೊದಲು ತೆರೆಯುವ ಮೂರು ಎಲೆ) ನೋಡಿಯೇ ನೋಡುತ್ತಾರೆ. ಹಾಗಾಗಿ ನಾನು ಆಡುವ ಪಾಟ್‌ಗಳಲ್ಲಿ (ಎಲ್ಲರೂ ಹಾಕಿದ ಚಿಪ್ಸ್ ಸೇರುವ ರಾಶಿ) ಮುಕ್ಕಾಲು ಪಾಲು ನಾಲ್ಕೈದು ಜನರದ್ದೇ.

ಅಷ್ಟು ಜನ ಇದ್ದಾಗ ಏನಾಗುತ್ತೆ ನೋಡಿ. ಜೋಡಿಯಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿಯೋ ಇನ್ನೂ ಒಳ್ಳೇದೋ ಸಿಗುವುದು ಮೂರಕ್ಕೆ ಒಂದು ಸಲ. ಎದುರಿಗೆ ಒಬ್ಬರೇ ಇದ್ದರೆ ಅವರಿಗೇನೂ ಸಿಕ್ಕಿಲ್ಲ ಅಂತ ನಂಬಿ ಆಡಬಹುದು. ನಾಲ್ಕು ಜನರಿದ್ದರೆ, ಒಬ್ಬರಿಗಾದರೂ ಏನೋ ಸಿಕ್ಕಿರುವ ಸಾಧ್ಯತೆ ಶೇ 80ರ ಹತ್ತಿರ. ಎರಡು ಎಕ್ಕ ಹಿಡಿದವರ ಕಥೆಯೂ ಅಷ್ಟೇ. ಏನೇನೋ ಎಲೆ ಹಿಡಿದ ಒಬ್ಬರೆದುರು ಗೆಲ್ಲೋದು ಶೇ 85, ಅಂಥ ನಾಲ್ವರೆದುರು ಶೇ 56.

ಒಂದು ಕೈ ಹೇಳುತ್ತೇನೆ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದದ್ದು, 10–20. ನಾನು ಬಿಗ್ ಬ್ಲೈಂಡ್ (20 ಹಾಕಿದವನು), ಕೈಯಲ್ಲಿ ಇಸ್ಪೀಟ್ ರಾಜ, ಕಳಾವರ್ ಒಂಬತ್ತು. ಯಾರೂ ರೇಸ್ ಮಾಡಲಿಲ್ಲ, ಅಂದರೆ ಬೆಟ್ ಏರಿಸಲಿಲ್ಲ, ಐದು ಜನ, ಪಾಟ್ 100. ಫ್ಲಾಪ್: ಆಟೀನ್ ರಾಜ, ಆಟೀನ್ ಏಳು, ಕಳಾವರ್ ನಾಲ್ಕು. ಟಾಪ್ ಪೇರ್ (ಬೋರ್ಡ್‌ನ ದೊಡ್ಡ ಎಲೆಯ ಜೋಡಿ) ಬಂತು, ಕಿಕ್ಕರ್, ಅಂದರೆ ಜೊತೆಯ ಎಲೆ, ಮಾತ್ರ ಸುಮಾರು. ನಾಲ್ಕೂ ಜನ ಚೆಕ್ ಮಾಡಿದೆವು, ಏನೂ ಹಾಕದೆ ಸರದಿ ದಾಟಿಸಿದೆವು. ಬಟನ್‌ನಲ್ಲಿದ್ದವರು (ಕೊನೆಗೆ ಆಡುವ ಸೀಟು) 50 ಹಾಕಿದರು.

ಕಾಲ್ ಮಾಡಿದೆ, ಅಷ್ಟೇ ನಾನೂ ಹಾಕಿದೆ. ಎಲ್ಲರೂ ಚೆಕ್ ಮಾಡಿದ ಮೇಲೆ ಕೊನೆಯಲ್ಲಿ ಕೂತವರು ಹಾಕುವ ಬೆಟ್‌ನಲ್ಲಿ ನೀರು, ಅಂದರೆ ಎಲೆ ಇಲ್ಲದೆ ಹೆದರಿಸುವ ಬ್ಲಫ್, ಜಾಸ್ತಿ ಇರುತ್ತೆ. ಇದೇ ಬೆಟ್ ಮೊದಲ ಸೀಟಿನಿಂದ, ನಾಲ್ಕು ಜನರ ಮುಖಕ್ಕೆ ಬಂದಿದ್ದರೆ ಬಹುಶಃ ಅಲ್ಲೇ ಬಿಡುತ್ತಿದ್ದೆ. ಹಿಂದೆ ಅಷ್ಟು ಜನ ಕೂತಿರುವಾಗ ಸುಮ್ನೆ ಬ್ಲಫ್ ಮಾಡುವವರು ಕಡಿಮೆ.

ನನ್ನ ಎಡಕ್ಕಿದ್ದವರೂ ಕಾಲ್ ಮಾಡಿದರು. ಉಳಿದಿಬ್ಬರು ಹೋದರು. ಪಾಟ್ 250. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಇಸ್ಪೀಟ್ ಎರಡು, ಯಾರಿಗೂ ಉಪಯೋಗಕ್ಕೆ ಬಾರದ ಎಲೆ. ನಾನು ಚೆಕ್. ಎಡಗಡೆಯವರು ತಾವಾಗಿ 150 ಹಾಕಿದರು, ಬಟನ್ ಬಿಟ್ಟರು. ಈಗ 150 ಕೊಟ್ಟು 400ಕ್ಕೆ ಕೈ ಹಾಕಬೇಕು. ಶೇ 27 ಗೆದ್ದರೆ ಸಾಕು. ಲೆಕ್ಕ ಚೆನ್ನಾಗೇ ಕಾಣುತ್ತೆ, ಅಲ್ವಾ? ಆದರೆ ಈ ವ್ಯಕ್ತಿ ಫ್ಲಾಪ್‌ನಲ್ಲಿ ಒಂದು ಬೆಟ್, ಒಂದು ಕಾಲ್ ಎರಡನ್ನೂ ನೋಡಿ ಒಳಗೆ ಬಂದವರು. ಈಗ ಬಟನ್‌ಗೂ ಕಾಯದೆ ಹಾಕಿದ್ದಾರೆ. ರಾಜ–ಗುಲಾಮ, ಎರಡು ಜೋಡಿ, ನಾಲ್ಕರ ಮೂರು ಎಲೆ, ಇಂಥವೇ ಕಣ್ಣಿಗೆ ಬರುತ್ತವೆ. ರಾಜ–ಗುಲಾಮ ಇದ್ದರೆ ನನಗೆ ಉಳಿದದ್ದು ಒಂಬತ್ತರ ಮೂರು ಎಲೆ ಮಾತ್ರ.

ಬಿಟ್ಟೆ. "ಏನ್ ಗುರು, ರಾಜನ್ನ ಹಿಡ್ಕೊಂಡು ಬಿಟ್ಬಿಟ್ಯಾ?" ಅಂತ ಪಕ್ಕದಿಂದ ಮಾತು ಬಂತು. ಗೆದ್ದವರು ಎಲೆ ತೋರಿಸಲಿಲ್ಲ, ನಾನು ಕೇಳಲೂ ಇಲ್ಲ.

ಹೀಗೆ ಬಿಟ್ಟರೆ ಎಲ್ಲರೂ ತುಳಿಯುತ್ತಾರೆ ಅನ್ನೋ ಭಯ ಬೇಡ. ಪಾಟ್‌ನಷ್ಟೇ ಬೆಟ್ ಹಾಕಿ ಬ್ಲಫ್ ಮಾಡಿದವರಿಗೆ ಅರ್ಧ ಸಲ ಎದುರಿನವರೆಲ್ಲ ಎಲೆ ಬಿಟ್ಟರೆ ನಷ್ಟವಿಲ್ಲ. ಎದುರಿಗೆ ಒಬ್ಬರೇ ಇದ್ದರೆ ಅವರು ಅರ್ಧ ಕೈಗಳಿಂದ ತಡೆಯಲೇಬೇಕು. ಮೂವರಿದ್ದರೆ ತಲಾ ಐದರಲ್ಲಿ ನಾಲ್ಕು ಕೈ ಬಿಟ್ಟರೂ ಹೆಚ್ಚುಕಡಿಮೆ ಸರಿಹೋಗುತ್ತೆ. ಊರಿಗೆಲ್ಲ ನಾನೊಬ್ಬನೇ ಕಾವಲುಗಾರ ಅಲ್ಲವಲ್ಲ.

ಮಧ್ಯದ ಸೀಟು ಇನ್ನೂ ಕಷ್ಟ. ಮುಂದೆ ಬೆಟ್, ಹಿಂದೆ ಮಾತಾಡದ ಇಬ್ಬರು. ಅಲ್ಲಿ ಎಂಟರ ಜೋಡಿ ಹಿಡಿದು, ಬೋರ್ಡ್‌ನಲ್ಲಿ ರಾಣಿ ಕೂತಿದ್ದರೆ ನಾನು ಯೋಚನೆಯನ್ನೇ ಮಾಡೋದಿಲ್ಲ. ಆಗ ಕಾಲ್ ಅಗ್ಗ ಅನಿಸಿದರೂ ಹಿಂದಿನಿಂದ ರೇಸ್ ಬಂದರೆ ಹಾಕಿದ್ದೂ ಹೋಗುತ್ತೆ.

ಹಾಗಂತ ಇಂಥ ಕೈಯಿಂದ ಯಾವಾಗಲೂ ಚೆಕ್ ಮಾಡುತ್ತಾ ಕೂರುವುದಿಲ್ಲ. ಬಟನ್‌ನಲ್ಲಿದ್ದು, ಫ್ಲಾಪ್, ಟರ್ನ್ ಎರಡರಲ್ಲೂ ಎಲ್ಲರೂ ಚೆಕ್ ಮಾಡಿದರೆ ಪಾಟ್‌ನ ಮೂರನೇ ಒಂದು ಭಾಗ ಹಾಕುತ್ತೇನೆ. ಇನ್ನೂ ಸಣ್ಣ ಜೋಡಿ ಹಿಡಿದವರು, ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗೆ) ಕಾಯುವವರು ಕೊಡುತ್ತಾರೆ. ರಿವರ್‌ನಲ್ಲಿ ಮತ್ತೆ ಚೆಕ್ ಬಂದರೆ ನಾನೂ ಚೆಕ್ ಮಾಡಿ ಎಲೆ ತಿರುಗಿಸುತ್ತೇನೆ.