ಬಳ್ಳಾರಿ ಜಾಲಿಯ ಓಟ ಲೆಕ್ಕಕ್ಕೆ ಸಿಕ್ಕಿತು: ನನ್ನ ಅನುಭವ

ಆಲಮಟ್ಟಿ ಹಿನ್ನೀರಿನ ಬೀಳಗಿ ಕಡೆಯ ದಂಡೆಯಲ್ಲಿ ಬಳ್ಳಾರಿ ಜಾಲಿ ವರ್ಷಕ್ಕೆ ಎಷ್ಟು ಮೀಟರ್ ಹಬ್ಬುತ್ತೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದೆ. 2017ರ ನಕ್ಷೆ ಕೊಟ್ಟು, ಹಬ್ಬುವುದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲನ್ನು ಏಳು ವರ್ಷ ಮುಂದಕ್ಕೆ ಓಡಿಸಿದೆ. ಅದು ತೋರಿಸಿದ ಅಂಚು 2024ರ ಉಪಗ್ರಹ ಚಿತ್ರದ ಅಂಚಿಗೆ ಎರಡು-ಮೂರು ಪಿಕ್ಸೆಲ್ ಒಳಗೆ ಬಂದು ಕೂತಿತು. "ಜಾಲಿಗೆ ಯಾಕ್ರೀ ಗಣಿತ, ಅದು ಎಲ್ಲಿ ಬೇಕಾದಲ್ಲಿ ಬೆಳಿತೈತಿ" ಅಂದವರು ಜಾಸ್ತಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದೆ. 1937ರ ಫಿಶರ್ ಸಮೀಕರಣ: ಆರ್ (ಗಿಡ ಹೆಚ್ಚುವ ದರ) ಮತ್ತು ಡಿ (ದೂರಕ್ಕೆ ಹರಡುವ ಅಳತೆ) ಗುಣಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿದರೆ ಹಬ್ಬುವ ವೇಗ. ಸ್ಕೆಲ್ಲಮ್ 1951ರಲ್ಲಿ ಯುರೋಪಿನಲ್ಲಿ ಇಲಿ ಜಾತಿಯ ಪ್ರಾಣಿ ಮಸ್ಕ್‌ರ್‍ಯಾಟ್ ಹಬ್ಬಿದ್ದನ್ನು ಈ ದಾರಿಯಲ್ಲೇ ವಿವರಿಸಿದ್ದು. ಕಾಯಿ ತಿಂದು ಬೀಜ ಹರಡುವುದು ಆಡು, ಹಾಗಾಗಿ ಡಿ ತೆಗೆಯಲು ಜಿಪಿಎಸ್ ಹಿಡಿದು ಆಡುಗಳ ಹಿಂದೆ ನಡೆದೆವು. ಬಂದ ಸಂಖ್ಯೆ ನೋಡಿದರೆ ಜಾಲಿ ಇಷ್ಟೊತ್ತಿಗೆ ಗದಗ ಮುಟ್ಟಬೇಕಿತ್ತು. ಆಡು ಎಷ್ಟು ದೂರ ನಡೆಯಿತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಬೀಜ ಬಿದ್ದು, ಮೊಳೆತು, ಒಂದು ಬೇಸಿಗೆ ದಾಟಿದ ಸಸಿ ಎಷ್ಟು ದೂರದಲ್ಲಿದೆ ಅನ್ನೋದೇ ಲೆಕ್ಕ. ಹಾಗಾಗಿ ಎಳೆ ಗಿಡದಿಂದ ಹತ್ತಿರದ ಕಾಯಿ ಬಿಡುವ ಗಿಡಕ್ಕೆ ಟೇಪು ಹಿಡಿದೆವು. ಬೀಳು ನೆಲದಲ್ಲಿ ಡಿ ಸುಮಾರು 2500 ಚದರ ಮೀಟರ್ ಬಂತು, ಹರಗುವ ಎರಿ ಹೊಲದಲ್ಲಿ 400ರ ಆಸುಪಾಸು. ಎರಡೂ ವರ್ಷದ ಲೆಕ್ಕ. ಬೀಳಿನಲ್ಲಿ ಆರ್ 0.4 ಇದ್ದರೆ, ಹೊಲದಲ್ಲಿ ಕುಂಟೆ ಹೊಡೆಯುವುದರಿಂದ ಸೊನ್ನೆಗಿಂತ ಕೆಳಗೆ, ಮೈನಸ್ 0.1.

ಬೀಳು ಅರ್ಧ, ಹೊಲ ಅರ್ಧ ಇರುವ ಪಟ್ಟಿಗೆ ಎರಡೂ ಡಿಗಳ ಸಾಮಾನ್ಯ ಸರಾಸರಿ ಹಾಕಿದರೆ ವೇಗ ವರ್ಷಕ್ಕೆ 30 ಮೀಟರ್ ಹತ್ತಿರ. ಉಪಗ್ರಹ ಚಿತ್ರದಲ್ಲಿ ಕಂಡದ್ದು 20. ಇಲ್ಲೇ ನಾನು ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದೆ. ದಾರಿ ಬಿಡಿಸಿದ್ದು ಜಪಾನಿನ ಸಂಶೋಧಕರಾದ ಶಿಗೆಸಾದಾ, ಕವಾಸಾಕಿ, ತೆರಾಮೊತೊ ಅವರ 1986ರ ಕೆಲಸ. ಬೀಳು, ಹೊಲದ ತುಂಡುಗಳು ಸಣ್ಣವಿದ್ದಾಗ ಆರ್‌ಗೆ ಸಾಮಾನ್ಯ ಸರಾಸರಿ ಸಾಕು, ಡಿಗೆ ಮಾತ್ರ ಹಾರ್ಮೋನಿಕ್ ಸರಾಸರಿ (ಚಿಕ್ಕ ಸಂಖ್ಯೆಯ ಕಡೆ ವಾಲುವ ಸರಾಸರಿ) ಬೇಕು. ಹಾಗೆ ಹಾಕಿದರೆ ಡಿ 1450 ಅಲ್ಲ, 690. ವೇಗ 20! ಅಂದರೆ ಓಟದ ಲಗಾಮು ಇರುವುದು ದಾಟಲು ಕಷ್ಟವಾದ ನೆಲದ ಕೈಯಲ್ಲಿ. ಇನ್ನೊಂದು ವಿಷಯ. ಸರಾಸರಿ ಆರ್ ಸೊನ್ನೆಗಿಂತ ಮೇಲಿದ್ದರೆ ಬೀಳು ಎಷ್ಟೇ ಕಿರಿದಾಗಿದ್ದರೂ ಜಾಲಿ ಅಳಿಯುವುದಿಲ್ಲ. ನಮ್ಮ ಹಳ್ಳದ ದಂಡೆಗಳಲ್ಲಿ ಆಗುತ್ತಿರುವುದು ಇದೇ.

ಹೊಲಗಳು ಅಗಲವಾದಲ್ಲಿ ಈ ಸೂತ್ರ ನಡೆಯುವುದಿಲ್ಲ, ನೆಲವನ್ನು ಚೌಕ ಮಾಡಿ ಮಾಡೆಲ್ ಓಡಿಸಲೇಬೇಕು. ನಾನು 10 ಮೀಟರ್ ಚೌಕ ಹಿಡಿದೆ, ಸೆಂಟಿನೆಲ್-2 ಉಪಗ್ರಹದ ಚಿತ್ರಕ್ಕೆ ಸರಿಹೊಂದುತ್ತೆ. ಪಕ್ಕಪಕ್ಕದ ಎರಡು ಚೌಕಗಳ ನಡುವಿನ ಗಡಿಯಲ್ಲೂ ಡಿಗೆ ಹಾರ್ಮೋನಿಕ್ ಸರಾಸರಿಯನ್ನೇ ಹಾಕಿ. ಕಾಲದ ಹೆಜ್ಜೆ 0.01 ವರ್ಷ ದಾಟಿದರೆ ಉತ್ತರ ಸಿಡಿದು ಹೋಗುತ್ತೆ. ಬದುವಿಗೆ ಬೇರೆ ತೂಕ ಕೊಡುತ್ತೇನೆ, ಎಷ್ಟು ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಕ್ಷೆ ಮಾಡುವಾಗ ಕಾಡಿದ್ದು ಕಬ್ಬು. ಏಪ್ರಿಲ್‌ನಲ್ಲಿ ಎಲ್ಲ ಒಣಗಿ ಜಾಲಿ ಮಾತ್ರ ಹಸಿರು ಇರುತ್ತೆ, ಹಸಿರು ಕಂಡದ್ದೆಲ್ಲ ಜಾಲಿ ಅನ್ನೋದು ಎಲ್ಲರ ಎಣಿಕೆ. ಕಾಲುವೆ ನೀರಿನ ಕಬ್ಬೂ ಆಗ ಹಸಿರೇ ಅಲ್ವಾ? ಒಂದೇ ಚಿತ್ರ ನಂಬಬೇಡಿ. ಕಬ್ಬು ಕಟಾವಾದಾಗ ಆ ಹೊಲ ಒಮ್ಮೆ ಬೋಳಾಗುತ್ತೆ, ಜಾಲಿ ಬೋಳಾಗುವುದಿಲ್ಲ. ನವೆಂಬರ್‌ನಿಂದ ಮೇ ತನಕ ಪ್ರತಿ ತಿಂಗಳ ಚಿತ್ರ ಜೋಡಿಸಿದ ಮೇಲೆ ನಕ್ಷೆ ತಿಳಿಯಾಯಿತು.

ದುಡ್ಡಿನ ಮಾತು. ಡ್ರೋನ್ ಸರ್ವೆಗೆ ಒಬ್ಬರು 80 ಸಾವಿರದ ಮೇಲೆ ಕೇಳಿದರು, ಬಿಟ್ಟೆ. ಅನುದಾನಕ್ಕೆ ಹಾಕಿದ ಅರ್ಜಿ ವಾಪಸ್ ಬಂತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಪೆಟ್ರೋಲ್, ಟೇಪು ಹಿಡಿದ ಇಬ್ಬರು ಹುಡುಗರ ಕೂಲಿ, ಎಲ್ಲ ಸೇರಿ 60-65 ಸಾವಿರ ಕೈಯಿಂದ ಹೋಗಿದೆ. ಉಪಗ್ರಹ ಚಿತ್ರಗಳು ಪುಕ್ಕಟೆ, ಮಾಡೆಲ್ ಬರೆಯುವ ಪೈಥಾನ್ ಭಾಷೆಯೂ ಪುಕ್ಕಟೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಆಡಿಗೆ ಕಾಯಿ ತಿನ್ನಿಸಿ, ಹಿಕ್ಕೆಯಲ್ಲಿ ಬಂದ ಬೀಜ ಒಂದು ಕುಂಡಕ್ಕೆ, ಕಾಯಿಯನ್ನು ಹಾಗೇ ಇನ್ನೊಂದು ಕುಂಡಕ್ಕೆ ಹಾಕಿದೆ. ಹಿಕ್ಕೆಯ ಬೀಜ ಎರಡು ಪಟ್ಟಿಗಿಂತ ಜಾಸ್ತಿ ಮೊಳೆತವು. ಆದರೆ ಆಡು ಅಗಿದು ಹಾಳು ಮಾಡುವ ಬೀಜವೂ ಬಹಳ. ದನದ ಸಗಣಿಯಲ್ಲಿ ಇಡೀ ಬೀಜ ಹೆಚ್ಚು ಸಿಕ್ಕವು.

ಅಂಚಿನಿಂದ ಒಂದೆರಡು ಕಿಲೋಮೀಟರ್ ಆಚೆ ದಿಢೀರನೆ ಏಳುವ ಗಿಡಗಳನ್ನು ಮಾತ್ರ ಯಾವ ಡಿಯೂ ಕೊಡಲಿಲ್ಲ. ಕುರಿ ಕಾಯುವ ಅಜ್ಜ ಒಬ್ಬರು ಹೇಳಿದರು: "ಸರ, ಪೀಕು ತಗದ ಮ್ಯಾಲೆ ಹೊಲದಾಗ ಕುರಿ ನಿಲ್ಲಸ್ತೀವ್ರಿ. ಅಲ್ಲೇ ಹುಟ್ಟತಾವ ನೋಡ್ರಿ." ಆಮೇಲೆ ವರ್ಷಕ್ಕೊಮ್ಮೆ ದೂರದ ಜಿಗಿತವನ್ನೂ ಸೇರಿಸಿದೆ. ಕುರಿ ನಿಲ್ಲುವ ಹೊಲಗಳನ್ನು ಹೇಗೆ ಆರಿಸುತ್ತೇನೆ ಅನ್ನೋದು ಇನ್ನೊಂದು ಗುಟ್ಟು. ಆ ಹೊಲ ಮರುವರ್ಷ ಹರಗಿದರೆ ಸಸಿ ಸಾಯುತ್ತೆ, ಬೀಳು ಬಿಟ್ಟರೆ ಅಲ್ಲಿಂದ ಹೊಸ ಅಲೆ ಏಳುತ್ತೆ.

ಈಗ ವಿಜಯಪುರದ ಡೋಣಿ ದಂಡೆಗೆ ಇದನ್ನೇ ಓಡಿಸುತ್ತಿದ್ದೇನೆ. ಸವುಳು ನೆಲ, ಬೇರೆ ಪೀಕು ಸೋತಲ್ಲೂ ಜಾಲಿ ನಿಲ್ಲುತ್ತೆ. ಬೀಳಗಿಯ ಆರ್ ಅಲ್ಲಿಗೆ ಹೊಂದಲ್ಲ, ಈ ಬೇಸಿಗೆಯಲ್ಲಿ ಮತ್ತೆ ಟೇಪು ಹಿಡಿಯಬೇಕು.