‘ಸಾಕಷ್ಟು ಅಂದ್ರ ಎಷ್ಟ್ರಿ?’ ಎಂದು ಕೇಳಿದಾಗ

ಸಿಂಧನೂರು ಕಡೆಯ ಒಂದು ಹಳ್ಳಿ ಎಂದುಕೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ. ಸಮೀಕ್ಷೆಗೆ ಬಂದ ಹುಡುಗಿ ಕೇಳುತ್ತಾಳೆ: ‘ನಿಮ್ಮ ಹೊಲಕ್ಕೆ ನೀರು ಸಾಕಷ್ಟು ಸಿಗುತ್ತಿದೆಯೇ?’ ರೈತ ಕೇಳುತ್ತಾರೆ: ‘ಸಾಕಷ್ಟು ಅಂದ್ರ ಎಷ್ಟ್ರಿ?’ ಹುಡುಗಿಗೆ ಗಡಿಬಿಡಿ. ‘ಕೊನೇ ಭಾಗಕ್ಕೆ ನೀರು ಮುಟ್ಟಲ್ಲ ಅಲ್ವಾ, ಅದು’ ಎನ್ನುತ್ತಾಳೆ. ‘ಹೂಂ ಮತ್ತ’ ಎಂದು ರೈತ ತಲೆಯಾಡಿಸುತ್ತಾರೆ. ಫಾರಂನಲ್ಲಿ ಬಿದ್ದದ್ದು ಹುಡುಗಿಯ ಉತ್ತರ.

ನೀವೂ ಹೀಗೆ ಮನೆಮನೆಗೆ ಸಮೀಕ್ಷೆಗೆ ಹೋಗುವವರಾದರೆ, ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು, ಇದು ಅನಿಸಿಕೆಯ ಪ್ರಶ್ನೆಯೋ, ಲೆಕ್ಕದ ಪ್ರಶ್ನೆಯೋ ಎಂದು. ಅನಿಸಿಕೆಯದ್ದಾದರೆ ವಿವರಿಸಲು ಹೋಗಬೇಡಿ. ಅದೇ ಮಾತನ್ನು ನಿಧಾನವಾಗಿ ಇನ್ನೊಮ್ಮೆ ಓದಿ. ‘ನಿಮಗೆ ಹೇಗೆ ಅನಿಸುತ್ತದೋ ಹಾಗೆ ಹೇಳಿ’ ಎಂದು ಸುಮ್ಮನಿರಿ. ಉದಾಹರಣೆ ಕೊಟ್ಟರೆ ಅದೇ ಉತ್ತರವಾಗಿ ವಾಪಸ್ ಬರುತ್ತದೆ.

ಲೆಕ್ಕದ ಪ್ರಶ್ನೆಗೆ ವಿವರಣೆ ಬೇಕೇ ಬೇಕು. ‘ಮನೇಲಿ ಎಷ್ಟು ಜನ?’ ಎಂದರೆ ಬೆಂಗಳೂರಿಗೆ ಗುಳೆ ಹೋದ ಮಗನನ್ನು ಸೇರಿಸಬೇಕೋ ಬೇಡವೋ, ಆ ತಾಯಿಗೆ ಹೇಗೆ ಗೊತ್ತಾಗಬೇಕು? ಜನಗಣತಿ ಸಾಮಾನ್ಯವಾಗಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಎನ್ನುತ್ತದೆ. ನಿಮ್ಮ ಸಮೀಕ್ಷೆಯ ಕೈಪಿಡಿ ಏನು ಹೇಳುತ್ತದೋ ನೋಡಿ, ಅದನ್ನೇ ಎಲ್ಲ ಮನೆಯಲ್ಲೂ ಹೇಳಿ. 1997ರಲ್ಲಿ ಅಮೆರಿಕದ ಸಂಶೋಧಕರಾದ ಶೋಬರ್ ಮತ್ತು ಕಾನ್ರಾಡ್ ಇದನ್ನು ಫೋನ್ ಸಂದರ್ಶನದಲ್ಲಿ ಪರೀಕ್ಷಿಸಿದ್ದರು. ಗೊಂದಲದ ಲೆಕ್ಕಗಳಲ್ಲಿ ಪದದ ಅರ್ಥ ಬಿಡಿಸಿ ಹೇಳಿದಾಗ ಸರಿಯುತ್ತರ ಬಹಳ ಹೆಚ್ಚಿತು. ಸಮಯವೂ ಜಾಸ್ತಿ ಹಿಡಿಯಿತು. ಹಿಡಿಯಲಿ, ತಪ್ಪು ಲೆಕ್ಕಕ್ಕಿಂತ ಅದು ಮೇಲು.

‘ಕಳೆದ 365 ದಿನದಲ್ಲಿ’ ಎಂದರೆ ಹಳ್ಳಿಯಲ್ಲಿ ಯಾರೂ ಹಾಗೆ ದಿನ ಎಣಿಸಿಟ್ಟಿರುವುದಿಲ್ಲ. ವರ್ಷದ ಹಿಂದಿನ ಆ ದಿನಕ್ಕೆ ಹತ್ತಿರದ ಹಬ್ಬ ಹಿಡಿದು ಕೇಳಿ. ‘ಹೋದ ಉಗಾದಿಯಿಂದ ಈಚೆಗೆ’ ಎಂದರೆ ನೆನಪು ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆ ಮೊಹರಂ ಹೇಳಿದರೂ ಎಲ್ಲರಿಗೂ ತಿಳಿಯುತ್ತದೆ. ಆದರೆ ಅದು ವರ್ಷಕ್ಕೆ 10–11 ದಿನ ಹಿಂದೆ ಸರಿಯುವ ಹಬ್ಬ, ಕ್ಯಾಲೆಂಡರ್ ನೋಡಿಕೊಂಡೇ ಹೇಳಿ. ಭತ್ತವನ್ನು ಚೀಲದಲ್ಲಿ ಹೇಳಿದರೆ ಒಂದು ಚೀಲಕ್ಕೆ ಎಷ್ಟು ಕೆಜಿ ಎಂದು ಅವರನ್ನೇ ಕೇಳಿ.

ಆಯ್ಕೆಗಳನ್ನು ಒಂದೇ ದನಿಯಲ್ಲಿ ಪೂರ್ತಿ ಓದಿ. ಕಟ್ಟೆಯ ಮೇಲೆ ಕೂತವರು ನಡುವೆ ಬಾಯಿ ಹಾಕಿದರೆ, ‘ನಿಮ್ಮ ಮನೆಗೂ ಬರ್ತೀನಿ ಕಾಕಾ’ ಎನ್ನಿ. ಅತ್ತೆಯ ಮುಂದೆ ಸೊಸೆ ಬಾಯಿ ಬಿಡದಿದ್ದರೆ ಒತ್ತಾಯ ಬೇಡ, ಅವಳೊಬ್ಬಳೇ ಇರುವಾಗ ಇನ್ನೊಮ್ಮೆ ಹೋಗಿ. ‘ಗೊತ್ತಿಲ್ಲ’ ಎಂದವರಿಗೆ ಒಂದು ಗಳಿಗೆ ಯೋಚಿಸಲು ಬಿಡಿ. ಮತ್ತೆ ಅದನ್ನೇ ಹೇಳಿದರೆ ಅದನ್ನೇ ಬರೆಯಿರಿ.

ಕೈಪಿಡಿಯಲ್ಲಿಲ್ಲದ ಮಾತು ಏನಾದರೂ ನಿಮ್ಮ ಬಾಯಿಂದ ಬಂದಿದ್ದರೆ, ಫಾರಂನ ಅಂಚಿನಲ್ಲಿ ಅದನ್ನು ಇದ್ದ ಹಾಗೇ ಗುರುತು ಮಾಡಿ. ಸಂಜೆ ತಂಡದವರು ಸೇರಿದಾಗ ಓದಿ ಹೇಳಿ.