ಟಿವಿ ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದೆಯಾ? ಮೊದಲು ಕೇಬಲ್ ನೋಡಿ
ಟಿವಿಗೆ ಚುಚ್ಚಿ ನೆಟ್‌ನಿಂದ ವಿಡಿಯೊ ನೋಡುವ ಫೈರ್ ಟಿವಿ ಸ್ಟಿಕ್ ಥರದ್ದು ಸಿನಿಮಾ ಮಧ್ಯೆ ತಾನಾಗಿಯೇ ಆಫ್ ಆಗಿ ಮತ್ತೆ ಲೋಗೋ ತೋರಿಸುತ್ತಿದ್ದರೆ, ಹಾಳಾಯಿತು ಅಂತ ಹೊಸದು ತರಲು ಹೊರಡಬೇಡಿ. ಟಿವಿ ಹಿಂದೆ ಬಗ್ಗಿ, ಅದರ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಟಿವಿಯ ಯುಎಸ್‌ಬಿಗೇ ಚುಚ್ಚಿದ್ದರೆ ಬಹುಶಃ ಕಾರಣ ಅದೇ. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 0.5 ಆಂಪಿಯರ್ ಅಷ್ಟೇ. ಸ್ಟಿಕ್ ಜೊತೆ ಬರುವ ಅಡಾಪ್ಟರ್ ಸಾಮಾನ್ಯವಾಗಿ 5 ವೋಲ್ಟ್, 1 ಆಂಪಿಯರಿನದು. ಸ್ಟಿಕ್ ಅಂದರೆ ಒಂದು ಪುಟ್ಟ ಕಂಪ್ಯೂಟರೇ ಅಲ್ವಾ? ಪ್ರೊಸೆಸರ್, ಮೆಮೊರಿ, ವೈಫೈ ಎಲ್ಲ ಅದರೊಳಗೇ ಇರುತ್ತದೆ, ಟಿವಿ ಬರೀ ಪರದೆ. ಕರೆಂಟ್ ಸಾಲದಿದ್ದರೆ ಕೈಕೊಡುತ್ತದೆ. ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿ.

ಚಿತ್ರ ಮಸುಕಾಗುವುದು ಬೇರೆ ಕಥೆ. ವಿಡಿಯೊ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಪ್ರತಿ ತುಂಡೂ ಹಲವು ಕ್ವಾಲಿಟಿಯಲ್ಲಿ ಸರ್ವರ್‌ನಲ್ಲಿ ರೆಡಿ ಇರುತ್ತದೆ. ನೆಟ್ ನಿಧಾನವಾದರೆ ಆಪ್ ಸುಮ್ನೆ ಕಡಿಮೆ ಕ್ವಾಲಿಟಿಯದನ್ನು ಎತ್ತಿಕೊಳ್ಳುತ್ತದೆ. ಮುಖಗಳೆಲ್ಲ ಕಲೆಸಿದಂತೆ ಕಾಣುವುದು ಅದಕ್ಕೇ. ರೂಟರ್ ಅದೇ ರೂಮಿನಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಒಂದೆರಡು ಗೋಡೆ ಅಡ್ಡ ಇದ್ದರೆ 2.4 ವಾಸಿ. ಸ್ಟಿಕ್ ಟಿವಿ ಬೆನ್ನಿಗೆ ಒತ್ತಿಕೊಂಡಿದ್ದರೂ ಸಿಗ್ನಲ್ ಕುಗ್ಗುತ್ತದೆ. ಜೊತೆಗೆ ಬಂದ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿದರೆ ಸ್ಟಿಕ್ ಸ್ವಲ್ಪ ಹೊರಗೆ ಬರುತ್ತದೆ. ಅದು ಹೆಚ್ಚಾಗಿ ಡಬ್ಬದಲ್ಲೇ ಉಳಿದಿರುತ್ತದೆ, ಹುಡುಕಿ!

ಇನ್ನು ಕಾಸ್ಟ್ ಮಾಡುವವರಿಗೆ, ಅಂದರೆ ಫೋನಿನಲ್ಲಿ ಆರಿಸಿದ್ದನ್ನು ಟಿವಿಯಲ್ಲಿ ಹಾಕಿ ನೋಡುವವರಿಗೆ: ಯೂಟ್ಯೂಬ್ ಕಾಸ್ಟ್ ಮಾಡಿದಾಗ ಫೋನ್ ವಿಡಿಯೊ ಕಳಿಸುವುದಿಲ್ಲ, ಯಾವುದನ್ನು ಹಾಕಬೇಕು ಅಂತ ಮಾತ್ರ ಹೇಳುತ್ತದೆ. ವಿಡಿಯೊ ಎಳೆದುಕೊಳ್ಳುವುದು ಟಿವಿ ಕಡೆಯ ಸಾಧನವೇ. ಹಾಗಾಗಿ ಬಫರಿಂಗ್ ಆದರೆ ಫೋನನ್ನು ರೂಟರ್ ಪಕ್ಕ ಇಟ್ಟು ಪ್ರಯೋಜನವಿಲ್ಲ.